ವೆಲ್ಶ್ ಮಾತಾಡುವ ಒಂದು ಹಳ್ಳಿ, ಅದರ ಪಬ್ಬು, ಕೆಳಗಿನ ಪಾಳು ಊರು

ಮೆನೈ ದಡದವಳು

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು, ನರ್ಸ್. ಆರು ವರ್ಷದಿಂದ ಉತ್ತರ ವೇಲ್ಸ್‌ನಲ್ಲಿದ್ದೇನೆ. ಈಗ ಬ್ಯಾಂಗರ್‌ನಲ್ಲಿ ಮನೆ. ಮೊದಲ ಎರಡು ವರ್ಷ ಹ್ಲೀನ್ ಅನ್ನುವ ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿದ್ದೆವು. ಮೂರು ಕಡೆ ಸಮುದ್ರ, ನಡುವೆ ಕುರಿ, ಕಲ್ಲಿನ ಗೋಡೆ, ಬಿಡದೆ ಬೀಸುವ ಗಾಳಿ. ಊರಿಂದ ಫೋನ್ ಮಾಡುವವರೆಲ್ಲ "ಇಂಗ್ಲೆಂಡಲ್ಲಿ ಹೇಗಿದ್ದೀಯಮ್ಮಾ" ಅಂತಲೇ ಕೇಳುತ್ತಾರೆ. ಇದು ಇಂಗ್ಲೆಂಡ್ ಅಲ್ಲ, ಅದರ ಪಕ್ಕದ ವೇಲ್ಸ್, ಇಲ್ಲಿ ವೆಲ್ಶ್ ಅನ್ನುವ ಬೇರೆ ಭಾಷೆ ಇದೆ, ಜನ ಅದನ್ನು ದಿನಾ ಮಾತಾಡುತ್ತಾರೆ ಅಂದರೆ ನಂಬುವುದೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ತುಂಬಾ ಇಷ್ಟವಾದ ಊರು ಹ್ಲಿಥ್‌ವೈನ್. ಮೊದಲ ಅಕ್ಷರಕ್ಕೆ ಕನ್ನಡದಲ್ಲಿ ಸರಿಯಾದ ಬರಹ ಇಲ್ಲ. ನಾಲಗೆಯನ್ನು 'ಲ' ಹೇಳುವ ಜಾಗದಲ್ಲಿಟ್ಟು ಬರೀ ಗಾಳಿ ಊದಬೇಕು. ನಾನು 'ಹ್ಲ' ಅಂತ ಬರೆಯುತ್ತೇನೆ, ಹೊಂದಿಸಿಕೊಳ್ಳಿ.

ಊರು ಅರ್ ಐವ್ಲ್ ಅನ್ನುವ ಬೆಟ್ಟದ ಪಕ್ಕದಲ್ಲಿದೆ. ರಸ್ತೆಯ ಎರಡೂ ಕಡೆ ಸಾಲುಮನೆಗಳು, ಅಷ್ಟೇ. ಕಲ್ಲುಕ್ವಾರಿ ಕೆಲಸಕ್ಕೆ ಬಂದ ಜನರಿಂದ ಬೆಳೆದ ಊರು. ಅಲ್ಲಿ ಟಾವರ್ನ್ ಅ ವಿಕ್ ಅಂತ ಒಂದು ಪಬ್ಬು ಇದೆ. 1988ರಲ್ಲಿ ಅದು ಮುಚ್ಚುವ ಹಾಗಾದಾಗ ಊರಿನವರೇ ಸೇರಿ ದುಡ್ಡು ಹಾಕಿ ವಹಿಸಿಕೊಂಡರು. ಇವತ್ತಿಗೂ ಊರಿನವರದ್ದೇ. ಯುರೋಪಿನಲ್ಲಿ ಹೀಗೆ ಜನರೇ ನಡೆಸುವ ಹಳೆಯ ಪಬ್ಬುಗಳಲ್ಲಿ ಇದೂ ಒಂದು.

ಪಬ್ಬು ಅಂದ ಕೂಡಲೇ ನಮ್ಮಲ್ಲಿ ಮುಖ ಸಿಂಡರಿಸುತ್ತಾರೆ, ಗೊತ್ತು. ನಾನೂ ಮೊದಲ ತಿಂಗಳು ಒಳಗೆ ಕಾಲಿಟ್ಟಿರಲಿಲ್ಲ. ಆದರೆ ಅಲ್ಲಿ ಅಜ್ಜ, ಮೊಮ್ಮಗಳು, ಕುರಿ ಸಾಕುವವನು, ಟೀಚರ್ ಎಲ್ಲ ಒಂದೇ ಮೇಜಿಗೆ ಕೂರುತ್ತಾರೆ. ಹಾಡುತ್ತಾರೆ. ಮೀಟಿಂಗ್ ಮಾಡುತ್ತಾರೆ. ನಾನು ಕುಡಿಯುವುದು ಟೀ. ಅದಕ್ಕೂ ಯಾರೂ ಏನೂ ಅನ್ನುವುದಿಲ್ಲ. ಅರಳಿಕಟ್ಟೆ ನೆನೆಸಿಕೊಳ್ಳಿ, ಮೇಲೆ ಸೂರು ಇದೆ, ಮೂಲೆಯಲ್ಲಿ ಬೆಂಕಿ ಇದೆ.

ಹ್ಲಿಥ್‌ವೈನ್‌ನಿಂದ ಒಂದು ಕಡಿದಾದ ಇಳಿಜಾರು ರಸ್ತೆ ಸಮುದ್ರದ ಕಡೆ ಹೋಗುತ್ತದೆ. ತಳದಲ್ಲಿ ನಾಂಟ್ ಗುರ್ಥೈರ್ನ್. ಮೂರು ಕಡೆ ಬೆಟ್ಟ, ಒಂದು ಕಡೆ ನೀರು. 19ನೇ ಶತಮಾನದಲ್ಲಿ ಕ್ವಾರಿ ಕೆಲಸಗಾರರಿಗೆ ಅಂತ ಅಲ್ಲಿ ಎರಡು ಸಾಲು ಮನೆ ಕಟ್ಟಿದರು. ಕ್ವಾರಿಗೆ ಕೆಲಸ ಇಲ್ಲವಾಯಿತು, ಜನ ಒಬ್ಬೊಬ್ಬರಾಗಿ ಮೇಲೆ ಹತ್ತಿ ಹೋದರು. 1959ರಲ್ಲಿ ಕೊನೆಯವರೂ ಹೋದರು. ಸೂರು ಬಿತ್ತು. ಈಗ ಅದೇ ಮನೆಗಳಲ್ಲಿ ದೊಡ್ಡವರು ವಾರಗಟ್ಟಲೆ ಉಳಿದು ವೆಲ್ಶ್ ಕಲಿಯುತ್ತಾರೆ. ನಾನೂ ಒಂದು ವಾರ ಇದ್ದೆ. ಹೇಗೆ ಇದಾಯಿತು ಅನ್ನುವುದು ಉದ್ದ ಕಥೆ. ಯಾರಿಗಾದರೂ ಆಸಕ್ತಿ ಇದ್ದರೆ ಬರೆಯುತ್ತೇನೆ.

ಸುಮಾ ಶಿರಸಿ

ಆಸಕ್ತಿ ಇದೆ ಅಕ್ಕ, ಬರೆಯಿರಿ! ವೇಲ್ಸ್ ಅಂದರೆ ನನಗೆ ರಗ್ಬಿ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಎಷ್ಟು ಜನ ಈ ಭಾಷೆ ಮಾತಾಡುತ್ತಾರೆ?

ಮೆನೈ ದಡದವಳು

ಸುಮಾ, 2021ರ ಜನಗಣತಿ ಪ್ರಕಾರ ಇಡೀ ವೇಲ್ಸ್‌ನಲ್ಲಿ ಸುಮಾರು 5,38,000 ಜನ. ಅಂದರೆ ನೂರಕ್ಕೆ 17.8. ಹ್ಲೀನ್ ಸೇರಿರುವ ಗ್ವಿನೆಥ್ ಜಿಲ್ಲೆಯಲ್ಲಿ ನೂರಕ್ಕೆ 64.4. ಎಲ್ಲ ಜಿಲ್ಲೆಗಿಂತ ಇಲ್ಲೇ ಜಾಸ್ತಿ.

ಈಗ ಕಥೆ. 1970ರಲ್ಲಿ ಕಾರ್ಲ್ ಕ್ಲೌಸ್ ಅನ್ನುವ ಡಾಕ್ಟರು ಹೆಂಡತಿ ಮಕ್ಕಳ ಜೊತೆ ಪಕ್ಕದ ಹ್ಲಾನೈಲ್‌ಹೈಅರ್ನ್ ಹಳ್ಳಿಗೆ ಬಂದರು. ಹುಟ್ಟಿ ಬೆಳೆದದ್ದು ಮ್ಯಾಂಚೆಸ್ಟರ್ ಕಡೆ. ವೆಲ್ಶ್ ಕಲಿತದ್ದು ದೊಡ್ಡವರಾದ ಮೇಲೆ. ಸುತ್ತಮುತ್ತ ಕ್ವಾರಿಗಳು ಮುಚ್ಚಿದ್ದವು, ಹುಡುಗರು ಊರು ಬಿಡುತ್ತಿದ್ದರು. ಅಷ್ಟರಲ್ಲಿ ಶಾಲೆಯನ್ನೂ ಮುಚ್ಚುತ್ತೇವೆ ಅಂತ ಸುದ್ದಿ ಬಂತು. ಊರು ಎದ್ದು ನಿಂತಿತು. ಶಾಲೆ ಉಳಿಯಿತು. ಆದರೆ ಶಾಲೆ ಉಳಿದರೆ ಸಾಲದು, ಮಕ್ಕಳ ಅಪ್ಪ ಅಮ್ಮನಿಗೆ ಕೆಲಸ ಬೇಕಲ್ವಾ? 1974ರಲ್ಲಿ ಊರಿನವರು ಆಂಟಿರ್ ಐಲ್‌ಹೈಅರ್ನ್ ಅಂತ ತಮ್ಮದೇ ಸಹಕಾರ ಸಂಘ ಕಟ್ಟಿದರು. ಸ್ವೆಟರ್ ಹೆಣೆಯುವುದು, ಮಣ್ಣಿನ ಪಾತ್ರೆ ಮಾಡುವುದು, ಹೀಗೆ ಕೈಗೆ ಸಿಕ್ಕಿದ ಕೆಲಸದಿಂದ ಶುರು. ಇಡೀ ಊರೇ ಸದಸ್ಯರಾಗಬಹುದಾದ ಇಂಥ ಸಂಘ ಬ್ರಿಟನ್ನಿನಲ್ಲಿ ಅದೇ ಮೊದಲು ಅನ್ನುತ್ತಾರೆ.

ಆಮೇಲೆ ಅವರ ಕಣ್ಣು ಕೆಳಗಿನ ಪಾಳು ಊರಿನ ಮೇಲೆ ಬಿತ್ತು. ಟ್ರಸ್ಟ್ ಮಾಡಿಕೊಂಡು, ಊರೂರು ತಿರುಗಿ ದುಡ್ಡು ಕೂಡಿಸಿ, 1978ರಲ್ಲಿ ಕ್ವಾರಿ ಕಂಪನಿಯಿಂದ ಇಡೀ ನಾಂಟ್ ಅನ್ನು 25,000 ಪೌಂಡಿಗೆ ಕೊಂಡರು. ಕರೆಂಟು ಇಲ್ಲ, ನೀರು ಇಲ್ಲ, ಸರಿಯಾದ ರಸ್ತೆ ಇಲ್ಲ. ಮನೆ ರಿಪೇರಿ ಮಾಡುತ್ತಲೇ 1982ರಲ್ಲಿ ಮೊದಲ ತರಗತಿ ನಡೆಸಿದರು. ಭಾಷೆ ಕಲಿಸುವ ಶಾಲೆಯೇ ಇಲ್ಲಿನ ಜನರಿಗೆ ಉದ್ಯೋಗವೂ ಆಯಿತು. ಅಡುಗೆಯವರು, ಟೀಚರ್‌ಗಳು, ರೂಮು ನೋಡಿಕೊಳ್ಳುವವರು, ಎಲ್ಲ ಸುತ್ತಲಿನವರು. ನನಗೆ ಈ ಯೋಚನೆಯೇ ಬಹಳ ಹಿಡಿಸಿದ್ದು. ಡಾಕ್ಟರು 2021ರಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿ ನನ್ನ ಜೊತೆಯವರು ಆ ದಿನ ತಮ್ಮ ಮನೆಯವರು ಹೋದಷ್ಟೇ ಬೇಜಾರು ಮಾಡಿಕೊಂಡಿದ್ದರು.

ಇಳಕಲ್ಲಿನ ಹುಡುಗ

ಕ್ವಾರಿ ಅಂದಿರಲ್ಲ, ಅದಕ್ಕೇ ಬಂದೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಗ್ರಾನೈಟ್ ಕೆಲಸ. ಅಲ್ಲಿ ಏನು ಕಲ್ಲು? ಏನು ಮಾಡುತ್ತಿದ್ದರು ಅದನ್ನು?

ಮೆನೈ ದಡದವಳು

ಅದೂ ಗ್ರಾನೈಟೇ. ನಿಮ್ಮ ಇಳಕಲ್ ಕಲ್ಲಿನ ಹಾಗೆ ಕೆಂಪಲ್ಲ, ಬೂದು ಬಣ್ಣ. ಇಟ್ಟಿಗೆ ಗಾತ್ರಕ್ಕೆ ಕೈಯಲ್ಲೇ ಒಡೆದು, ರಸ್ತೆಗೆ ಹಾಸುವ ಕಲ್ಲು ಮಾಡುತ್ತಿದ್ದರು. ಕಣಿವೆಯಿಂದ ಮೇಲೆ ಸಾಗಿಸುವುದು ಕಷ್ಟ, ಹಾಗಾಗಿ ದಡಕ್ಕೇ ಹಡಗು ತಂದು ತುಂಬುತ್ತಿದ್ದರು. ಲಿವರ್‌ಪೂಲ್, ಮ್ಯಾಂಚೆಸ್ಟರ್ ಬೀದಿಗಳಿಗೆ ಇಲ್ಲಿಂದ ಕಲ್ಲು ಹೋಗಿದೆ. ಟಾರು ರಸ್ತೆ ಬಂದ ಮೇಲೆ ಆ ಕಲ್ಲನ್ನು ಕೇಳುವವರಿಲ್ಲ.

ಬೆಟ್ಟದ ಆ ಕಡೆ ಟ್ರೆವೊರ್ ಅಂತ ಇನ್ನೊಂದು ಕ್ವಾರಿ ಊರು. ಅಲ್ಲಿನ ಗ್ರಾನೈಟ್ ಈಗಲೂ ಒಂದು ವಿಚಿತ್ರ ಕೆಲಸಕ್ಕೆ ಹೋಗುತ್ತದೆ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಐಸ್ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟ ನೋಡಿದ್ದೀರಾ? ಆ ಆಟದ ಕಲ್ಲು ಮಾಡುವುದಕ್ಕೆ ಸ್ಕಾಟ್ಲೆಂಡಿನ ಒಂದು ದ್ವೀಪದ ಕಲ್ಲನ್ನೂ ಟ್ರೆವೊರ್ ಕಲ್ಲನ್ನೂ ಬಳಸುತ್ತಾರೆ.

ಹಳೆಗನ್ನಡ ಮೇಷ್ಟ್ರು

ತಂಗಿ, ಭಾಷೆಯ ಬಗ್ಗೆ ಸ್ವಲ್ಪ ಹೇಳಮ್ಮ. ಕಲಿಯಲು ಕಷ್ಟವೇ? ಇಂಗ್ಲಿಷಿನ ಜೊತೆ ಏನಾದರೂ ನಂಟು?

ಮೆನೈ ದಡದವಳು

ಮೇಷ್ಟ್ರೇ, ಇಂಗ್ಲಿಷಿನ ಹಾಗೆ ಇಲ್ಲವೇ ಇಲ್ಲ. ಕ್ರಿಯಾಪದ ವಾಕ್ಯದ ಮೊದಲಿಗೇ ಬರುತ್ತದೆ. ನಮಗೆ ಸುಲಭವಾದದ್ದು ಒಂದಿದೆ: ನೀನು, ನೀವು ಅನ್ನುವ ವ್ಯತ್ಯಾಸ. ಇವರಲ್ಲಿ ಟಿ ಅಂದರೆ ನೀನು, ಖಿ ಅಂದರೆ ನೀವು. ಹಿರಿಯರಿಗೆ, ಹೊಸಬರಿಗೆ ಖಿ. ನನ್ನ ಜೊತೆ ಕಲಿಯುತ್ತಿದ್ದ ಇಂಗ್ಲಿಷಿನವರು ಇದರಲ್ಲಿ ತಡವರಿಸುತ್ತಿದ್ದರು, ನನಗೆ ಒಂದು ದಿನವೂ ತಪ್ಪಲಿಲ್ಲ.

ಇನ್ನೊಂದು ಹೇಳಿದರೆ ನಿಮಗೆ ಖುಷಿಯಾಗುತ್ತದೆ. ನೋವಿಗೆ ಪೊಯ್ನ್ ಅಂತ ಮೊದಲ ದಿನವೇ ಬಾಯಿಪಾಠ ಮಾಡಿದ್ದೆ, ನರ್ಸ್‌ಗೆ ಬೇಕಾಗುವ ಪದ. ಆದರೆ ವಾರ್ಡಿನಲ್ಲಿ ಎಲ್ಲರೂ "ಹ್ಲೆ ಮೈರ್ ಬೊಯ್ನ್" ಅಂತ ಕೇಳುತ್ತಾರೆ, ನೋವು ಎಲ್ಲಿದೆ ಅಂತ. ಪೊಯ್ನ್ ಹೋಗಿ ಬೊಯ್ನ್ ಹೇಗಾಯಿತು? ಟೀಚರ್ ಪಟ್ಟಿ ಬರೆದು ತೋರಿಸಿದರು. ಬೆಕ್ಕು ಕಾಥ್, ಆ ಬೆಕ್ಕು ಅಂದರೆ ಅ ಗಾಥ್. ಪಟ್ಟಣ ಟ್ರೆವ್, ಆ ಪಟ್ಟಣ ಅ ಡ್ರೆವ್. ಸೇತುವೆ ಪಾಂಟ್, ಆ ಸೇತುವೆ ಅ ಬಾಂಟ್. ಕ ಇದ್ದದ್ದು ಗ, ತ ಇದ್ದದ್ದು ದ, ಪ ಇದ್ದದ್ದು ಬ. ನನಗೆ ಹೈಸ್ಕೂಲ್ ವ್ಯಾಕರಣ ಕ್ಲಾಸು ನೆನಪಾಗಿ ಕೂತಲ್ಲೇ ನಗು ಬಂತು.

ಹಳೆಗನ್ನಡ ಮೇಷ್ಟ್ರು

ಅಯ್ಯೋ ತಂಗಿ, ಇದು ನಮ್ಮ ಆದೇಶ ಸಂಧಿಯೇ! ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಅದೇ ಕ ತ ಪ, ಅದೇ ಗ ದ ಬ. ಎರಡನೆಯ ಪದದ ಮೊದಲ ಅಕ್ಷರವೇ ಬದಲಾಗುವುದು. ಮೂವತ್ತು ವರ್ಷ ಇದನ್ನು ಮಕ್ಕಳಿಗೆ ಕಲಿಸಿದ್ದೇನೆ, ಇನ್ನೊಂದು ಭೂಖಂಡದಲ್ಲೂ ಇದೆ ಅಂತ ಇವತ್ತು ಗೊತ್ತಾಯಿತು. ಹಾಗಂತ ಎರಡು ಭಾಷೆಗೂ ಬಂಧುತ್ವ ಇದೆ ಅಂತ ಯಾರೂ ತಿಳಿಯಬೇಡಿ, ಅದು ಇಲ್ಲ. ಸಂದರ್ಭ ಬಂದಾಗ ಗಡುಸು ಅಕ್ಷರವನ್ನು ಮೆದು ಮಾಡುವುದು ಎಲ್ಲ ಮನುಷ್ಯರ ನಾಲಗೆಗೂ ಹಗುರ. ಮ ಇದ್ದದ್ದು ವ ಆಗುತ್ತದೆಯೇ? ನಮ್ಮಲ್ಲಿ ಮೆಲ್, ಮಾತು ಸೇರಿ ಮೆಲ್ವಾತು.

ಮೆನೈ ದಡದವಳು

ಆಗುತ್ತದೆ ಮೇಷ್ಟ್ರೇ! ಅಮ್ಮನಿಗೆ ಮಾಮ್. ನಿನ್ನ ಅಮ್ಮ ಅಂದರೆ ದ ವಾಮ್. ನಮ್ಮ ಟೀಚರ್‌ಗೆ ನಿಮ್ಮ ಉದಾಹರಣೆ ತೋರಿಸುತ್ತೇನೆ.

ಲೆಕ್ಕದ ಮನುಷ್ಯ

ಓದಲು ಚೆನ್ನಾಗಿದೆ. ಆದರೆ ಒಂದು ಪ್ರಶ್ನೆ ಕೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ ಮೇಡಂ. ಸಹಕಾರ ಸಂಘ, ಪಬ್ಬು, ಕಲಿಕೆ ಕೇಂದ್ರ ಎಲ್ಲ ಆಗಿ ಐವತ್ತು ವರ್ಷ. ಫಲ ಏನು? ನಾನೂ ಹುಡುಕಿ ನೋಡಿದೆ. ಗ್ವಿನೆಥ್‌ನಲ್ಲಿ 2011ರಲ್ಲಿ ನೂರಕ್ಕೆ 65.4 ಇದ್ದದ್ದು 64.4 ಆಗಿದೆ. ಇಡೀ ವೇಲ್ಸ್‌ನಲ್ಲಿ 19ರಿಂದ 17.8ಕ್ಕೆ ಇಳಿದಿದೆ. 1901ರಲ್ಲಿ ಅರ್ಧ ವೇಲ್ಸ್ ಈ ಭಾಷೆ ಮಾತಾಡುತ್ತಿತ್ತು. ನೀವು ಹೇಳಿದ ಆ ಶಾಲೆಯೂ 2020ರಲ್ಲಿ ಮುಚ್ಚಿತು. ಉಳಿಯಿತು ಅನ್ನುವುದಕ್ಕಿಂತ ನಿಧಾನವಾಯಿತು ಅನ್ನುವುದೇ ಸರಿ ಅಲ್ವಾ?

ಮೆನೈ ದಡದವಳು

ಬೇಸರ ಏನಿಲ್ಲ ಸರ್, ನೀವು ಹೇಳಿದ ಅಂಕಿ ಎಲ್ಲ ಸರಿ. ಶಾಲೆ ಮುಚ್ಚಿದ್ದೂ ನಿಜ. ಕೊನೆಗೆ ಅಲ್ಲಿ ಮಕ್ಕಳು ಬೆರಳೆಣಿಕೆ. ನನಗೆ ಆ ಸುದ್ದಿ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ಮಕ್ಕಳು ಯಾಕೆ ಇರಲಿಲ್ಲ ಅಂತ ಕೇಳಿ.

ಉತ್ತರ ಮನೆ. ನಮ್ಮ ಮನೆಯದ್ದೇ ಹೇಳುತ್ತೇನೆ. ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಒಂದು ದಿನ ಬಂದು, ಇದನ್ನು ರಜೆಗೆ ಬರುವವರಿಗೆ ಕೊಡುತ್ತೇವೆ, ಖಾಲಿ ಮಾಡಿ ಅಂದರು. ಎರಡು ತಿಂಗಳು ಆ ಸೀಮೆಯಲ್ಲಿ ಇನ್ನೊಂದು ಮನೆ ಹುಡುಕಿದೆವು. ಸಿಗಲಿಲ್ಲ. ಮಾರಾಟಕ್ಕಿದ್ದ ಮನೆಗಳ ಬೆಲೆ ನರ್ಸ್ ಸಂಬಳಕ್ಕೆ ಎಟುಕುವುದಿಲ್ಲ. ಇಂಗ್ಲೆಂಡಿನ ನಗರದಲ್ಲಿ ಒಂದು ಫ್ಲಾಟ್ ಮಾರಿದವರು ಇಲ್ಲಿ ಸಮುದ್ರ ಕಾಣುವ ಮನೆ ಕೊಳ್ಳುತ್ತಾರೆ, ವರ್ಷಕ್ಕೆ ಕೆಲವು ವಾರ ಬರುತ್ತಾರೆ. ಚಳಿಗಾಲದ ರಾತ್ರಿ ಹ್ಲೀನ್ ಕಡೆ ಕಾರಲ್ಲಿ ಹೋಗಿ, ಸಾಲು ಸಾಲು ಕಿಟಕಿ ಕತ್ತಲು. ನನ್ನ ಮಗಳು ಹಳ್ಳಿ ಶಾಲೆಯಲ್ಲಿ ಆಗಷ್ಟೇ ಗೆಳತಿಯರ ಜೊತೆ ವೆಲ್ಶ್‌ನಲ್ಲಿ ಜಗಳ ಆಡಲು ಕಲಿತಿದ್ದಳು. ಅವಳನ್ನು ಅಲ್ಲಿಂದ ಬಿಡಿಸಿಕೊಂಡು ಬಂದೆವು. ನಾವಾದರೂ ಹೊರಗಿನವರು. ಅಲ್ಲೇ ಹುಟ್ಟಿದ ಹುಡುಗ ಹುಡುಗಿಯರಿಗೂ ಇದೇ ಗತಿ.

ಅಬರ್‌ಸೋಖ್ ಅನ್ನುವ ಕಡಲೂರಿನ ಕಥೆ ಇನ್ನೂ ಕೆಟ್ಟದ್ದು. ಪ್ರವಾಸಿಗಳ ಊರು, ಬೇಸಿಗೆಯಲ್ಲಿ ಕಾರು ನಿಲ್ಲಿಸಲು ಜಾಗ ಇಲ್ಲ. ಶಾಲೆ ಮಾತ್ರ ಮಕ್ಕಳಿಲ್ಲದೆ 2021ರ ಡಿಸೆಂಬರ್‌ನಲ್ಲಿ ಮುಚ್ಚಿತು.

ಜನ ಸುಮ್ನೆ ಕೂತಿಲ್ಲ. "ನಿದ್ ಯು ಕಮ್ರಿ ಆರ್ ವೆರ್ಥ್", ಅಂದರೆ ವೇಲ್ಸ್ ಮಾರಾಟಕ್ಕಿಲ್ಲ ಅಂತ ಬ್ಯಾನರ್ ಹಿಡಿದು ಬೀದಿಗೆ ಬಂದರು. 2023ರ ಏಪ್ರಿಲ್‌ನಿಂದ ಗ್ವಿನೆಥ್‌ನಲ್ಲಿ ಎರಡನೇ ಮನೆ ಇಟ್ಟುಕೊಂಡವರು ಮಾಮೂಲಿ ಮನೆ ತೆರಿಗೆಯ ಮೇಲೆ ಇನ್ನೂ ನೂರಕ್ಕೆ 150ರಷ್ಟು ಕಟ್ಟಬೇಕು. 2024ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ನಿಯಮ ಬಂತು: ವಾಸದ ಮನೆಯನ್ನು ರಜೆ ಮನೆ ಮಾಡಲು ಮೊದಲು ಅನುಮತಿ ಬೇಕು ಅಂತ. ಅದರ ವಿರುದ್ಧ ಕೆಲವರು ಕೋರ್ಟಿಗೂ ಹೋದರು. ಊರಿನ ಒಳಗೇ ಇದರ ಬಗ್ಗೆ ಒಂದೇ ಮಾತಿಲ್ಲ. ನನ್ನ ಮನೆ ಬೆಲೆ ಬಿದ್ದರೆ ನನ್ನ ಮಕ್ಕಳಿಗೆ ಏನು ಕೊಡಲಿ ಅಂತ ಕೇಳುವ ಅಜ್ಜಿಯರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ.

ಹಾಗಾಗಿ ಸರ್, ಪಬ್ಬು ಮತ್ತು ನಾಂಟ್ ಸೋತವು ಅಂತ ನಾನು ಒಪ್ಪುವುದಿಲ್ಲ. ತಮ್ಮ ಕೈಲಿದ್ದದ್ದನ್ನು ಅವರು ಉಳಿಸಿಕೊಂಡರು. ಮನೆಗಳು ಅವರ ಕೈಲಿರಲಿಲ್ಲ.

ಕಾರ್ಡಿಫ್ ಕನ್ನಡಿಗ

ನಾನು ದಕ್ಷಿಣದಲ್ಲಿ, ವೇಲ್ಸ್ ರಾಜಧಾನಿ ಕಾರ್ಡಿಫ್‌ನಲ್ಲಿದ್ದೇನೆ, ಹನ್ನೆರಡು ವರ್ಷ ಆಯಿತು. ಇಲ್ಲಿ ವೆಲ್ಶ್ ಬರದೆ ಆರಾಮಾಗಿ ಬದುಕಬಹುದು. ಆದರೂ ನಮ್ಮ ಎರಡೂ ಮಕ್ಕಳನ್ನು ವೆಲ್ಶ್ ಮಾಧ್ಯಮ ಶಾಲೆಗೆ ಹಾಕಿದ್ದೇವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ವೆಲ್ಶ್, ಬೀದಿಯಲ್ಲಿ ಇಂಗ್ಲಿಷ್. ಒಂದಕ್ಕೊಂದು ಅಡ್ಡ ಬಂದಿಲ್ಲ. ಕಾರ್ಡಿಫ್‌ನಲ್ಲಿ 2011ರಿಂದ 2021ಕ್ಕೆ ವೆಲ್ಶ್ ಬಲ್ಲವರು ಜಾಸ್ತಿಯಾಗಿದ್ದಾರೆ, ಈಗ ನೂರಕ್ಕೆ 12ರ ಆಸುಪಾಸು. 2050ಕ್ಕೆ ಹತ್ತು ಲಕ್ಷ ಮಾಡುವುದು ಸರ್ಕಾರದ ಗುರಿ. ಹಾಗಾದರೆ ಭವಿಷ್ಯ ನಗರದಲ್ಲೇ ಇದೆ ಅನ್ನಿಸುವುದಿಲ್ಲವಾ?

ಮೆನೈ ದಡದವಳು

ನಿಮ್ಮ ಮಕ್ಕಳಿಗೆ ಒಳ್ಳೆಯದಾಗಲಿ, ಬಹಳ ಸಂತೋಷ ಆಯಿತು ಓದಿ. ಒಂದು ಕೇಳಲಾ? ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಗೆಳೆಯರ ಜೊತೆ ಯಾವ ಭಾಷೆ ಮಾತಾಡುತ್ತಾರೆ?

ಕಾರ್ಡಿಫ್ ಕನ್ನಡಿಗ

ಇಂಗ್ಲಿಷ್. ನಿಜ ಹೇಳಬೇಕು ಅಂದರೆ ಯಾವಾಗಲೂ ಇಂಗ್ಲಿಷ್.

ಮೆನೈ ದಡದವಳು

ಅದೇ ನಾನು ಹೇಳಬೇಕು ಅಂದುಕೊಂಡದ್ದು. ಶಾಲೆ ಭಾಷೆಯನ್ನು ಕಲಿಸುತ್ತದೆ. ಆದರೆ ಕುರಿಗೆ ಔಷಧ ಕೇಳುವುದಕ್ಕೆ, ಸಾವಿನ ಮನೆಯಲ್ಲಿ ಸಮಾಧಾನ ಹೇಳುವುದಕ್ಕೆ, ಬೇಲಿ ವಿಷಯಕ್ಕೆ ಜಗಳ ಆಡುವುದಕ್ಕೆ ಯಾರೂ ಯೋಚನೆ ಮಾಡದೆ ಅದೇ ಭಾಷೆ ಬಾಯಿಗೆ ಬರಬೇಕು ಅಂದರೆ ಹ್ಲಿಥ್‌ವೈನ್‌ನಂಥ ಊರು ಬೇಕು. ಅಲ್ಲಿ ಅಜ್ಜಿ ನೈನ್, ಅಜ್ಜ ಟೈಡ್. ಮನೆಗೆ ಕಾಲಿಟ್ಟರೆ "ಪಾನಡ್?" ಅಂತ ಕೇಳುತ್ತಾರೆ, ಒಂದು ಕಪ್ ಟೀ ಅಂತ. ಊರಿನಲ್ಲಿ ಜೋನ್ಸ್, ವಿಲಿಯಮ್ಸ್, ರಾಬರ್ಟ್ಸ್ ಇಷ್ಟೇ ಮನೆತನದ ಹೆಸರು. ಯಾರು ಯಾರು ಅಂತ ತಿಳಿಯಲು ಹೆಸರಿಗೆ ತೋಟದ ಹೆಸರೋ ಕಸುಬೋ ಸೇರಿಸಿ ಕರೆಯುತ್ತಾರೆ. ನಮ್ಮೂರಲ್ಲೂ ಹಾಗೇ ಅಲ್ವಾ, ಬಾವಿಮನೆ ರಂಗಣ್ಣ, ಅಂಗಡಿ ರಂಗಣ್ಣ.

ಆ ಸೀಮೆಗೆ ತನ್ನದೇ ಪತ್ರಿಕೆಯೂ ಇದೆ, ಹ್ಲಾನು ಹ್ಲೀನ್ ಅಂತ. ಊರಿನ ಸುದ್ದಿಯೆಲ್ಲ ವೆಲ್ಶ್‌ನಲ್ಲಿ. ಇಂಥ ಪತ್ರಿಕೆಗಳು ವೇಲ್ಸ್ ತುಂಬಾ ಇವೆ, ಹಳ್ಳಿಯವರೇ ಸಂಬಳ ಇಲ್ಲದೆ ಹೊರತರುತ್ತಾರೆ. ಯಾರ ಮದುವೆ, ಯಾರು ಪಾಸಾದರು, ಯಾರು ತೀರಿಕೊಂಡರು. ನಾನು ಅದನ್ನು ಓದಿಯೇ ಅರ್ಧ ಭಾಷೆ ಕಲಿತೆ.

ಸುಮಾ ಶಿರಸಿ

ಹೊರಗಿನವರನ್ನು ಹೇಗೆ ನೋಡುತ್ತಾರೆ ಅಕ್ಕ? ನಮ್ಮ ಬಣ್ಣ ಬೇರೆ, ಭಾಷೆ ಬೇರೆ.

ಮೆನೈ ದಡದವಳು

ಮೊದಲು ಬಿಗಿಯಾಗಿಯೇ ಇರುತ್ತಾರೆ. ಹಳ್ಳಿ ಜನ, ಅಳೆದು ನೋಡುತ್ತಾರೆ. ನಾನು ತಪ್ಪು ತಪ್ಪಾಗಿ "ಬೊರೆ ದಾ", ಅಂದರೆ ಶುಭೋದಯ, ಅಂದ ದಿನದಿಂದ ಬದಲಾಯಿತು. ಗ್ವಿನೆಥ್‌ನಲ್ಲಿ ಹೊರಗಿಂದ ಬಂದ ಮಕ್ಕಳಿಗೆ ಬೇರೆಯೇ ಕೇಂದ್ರಗಳಿವೆ, 1980ರ ದಶಕದಿಂದಲೂ. ಕೆಲವು ವಾರ ಬರೀ ವೆಲ್ಶ್‌ನಲ್ಲಿ ಆಟ, ಪಾಠ. ಆಮೇಲೆ ಹಳ್ಳಿ ಶಾಲೆಗೆ. ಆ ವಿಧಾನಕ್ಕೆ ಇಟ್ಟಿರುವ ಹೆಸರಿನ ಅರ್ಥವೇ 'ಮುಳುಗಿಸುವುದು'. ನನ್ನ ಮಗಳು ಹೀಗೇ ಕಲಿತದ್ದು. ನನಗೆ ಆಸ್ಪತ್ರೆಯವರೇ ಕ್ಲಾಸಿಗೆ ಕಳಿಸಿದರು. ವೆಲ್ಶ್ ಬಲ್ಲ ಸಿಬ್ಬಂದಿ ಕಿತ್ತಳೆ ಬಣ್ಣದ ಬ್ಯಾಡ್ಜ್ ಹಾಕುತ್ತಾರೆ. ಕಲಿಯುವವರಿಗೂ ಒಂದಿದೆ, ನನ್ನದು ಅದೇ.

ಅದು ಯಾಕೆ ಬೇಕು ಅಂತ ಒಂದು ರಾತ್ರಿ ಪಾಳಿಯಲ್ಲಿ ತಿಳಿಯಿತು. ಮರೆವಿನ ಕಾಯಿಲೆಯ ಒಬ್ಬ ಅಜ್ಜಿ ಇದ್ದರು. ಇಂಗ್ಲಿಷ್ ಪೂರ್ತಿ ಮರೆತುಹೋಗಿತ್ತು, ಬಾಲ್ಯದ ಮಾತು ಮಾತ್ರ ಉಳಿದಿತ್ತು. ಎಲ್ಲರೂ ಇಂಗ್ಲಿಷಿನಲ್ಲಿ ಕೇಳುತ್ತಿದ್ದರೆ ಅವರು ಹೆದರಿ ಮುದುರಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು "ಹ್ಲೆ ಮೈರ್ ಬೊಯ್ನ್" ಅಂದೆ. ಅವರು ನನ್ನ ಕೈ ಹಿಡಿದು ಸೊಂಟದ ಮೇಲೆ ಇಟ್ಟರು.

ಹಳೆಗನ್ನಡ ಮೇಷ್ಟ್ರು

ತಂಗಿ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಲೆಕ್ಕದ ಮನುಷ್ಯ

ಮೇಡಂ, ಮನೆ ವಿಷಯ ಓದಿದ ಮೇಲೆ ಅಂಕಿ ಬೇರೆ ರೀತಿ ಕಾಣುತ್ತಿದೆ. ಇಷ್ಟೆಲ್ಲ ಒತ್ತಡ ಇದ್ದೂ ಹತ್ತು ವರ್ಷದಲ್ಲಿ ಗ್ವಿನೆಥ್‌ನಲ್ಲಿ ಇಳಿದದ್ದು ನೂರಕ್ಕೆ ಒಂದು. ನಾನು ಅದನ್ನು ಸೋಲು ಅಂತ ಓದಿದ್ದೆ. ನಾಂಟ್‌ನಲ್ಲಿ ಹೊರದೇಶದವರೂ ಕಲಿಯಬಹುದಾ?

ಮೆನೈ ದಡದವಳು

ಯಾರು ಬೇಕಾದರೂ ಬರಬಹುದು ಸರ್. ಸಂಜೆ ಕ್ಲಾಸು ಮುಗಿದ ಮೇಲೆ ಮೇಲಿನ ಪಬ್ಬಿಗೆ ಹೋಗಿ ಕಲಿತದ್ದನ್ನು ಮಾತಾಡಿ ನೋಡುವುದೂ ಇದೆ. ಅಲ್ಲಿನವರು ತಾಳ್ಮೆಯಿಂದ ಕಾಯುತ್ತಾರೆ, ಇಂಗ್ಲಿಷಿಗೆ ಹಾರುವುದಿಲ್ಲ.

ನಾಂಟ್‌ಗೆ ಒಂದು ಹಳೆಯ ಶಾಪದ ಕಥೆಯೂ ಇದೆ. ಮೂವರು ಸನ್ಯಾಸಿಗಳು ಬಂದಾಗ ಊರವರು ಕಲ್ಲು ಹೊಡೆದು ಓಡಿಸಿದರಂತೆ. ಈ ಊರಿನ ಗಂಡು ಹೆಣ್ಣು ಒಬ್ಬರನ್ನೊಬ್ಬರು ಮದುವೆಯಾಗಬಾರದು, ಇಲ್ಲಿನ ನೆಲ ಪವಿತ್ರವಾಗಬಾರದು, ಊರೇ ಸಾಯಲಿ ಅಂತ ಮೂರು ಶಾಪ. ಮೇನಿರ್ ಅನ್ನುವ ಹುಡುಗಿ ರೀಸ್ ಜೊತೆ ಮದುವೆಯ ದಿನ ಸಂಪ್ರದಾಯದಂತೆ ಬಚ್ಚಿಟ್ಟುಕೊಂಡಳು. ಯಾರಿಗೂ ಸಿಗಲಿಲ್ಲ. ಎಷ್ಟೋ ಕಾಲದ ಮೇಲೆ ಸಿಡಿಲು ಬಡಿದು ಒಂದು ಪೊಳ್ಳು ಓಕ್ ಮರ ಸೀಳಿತು. ಒಳಗೆ ಮದುವೆ ಬಟ್ಟೆಯಲ್ಲಿ ಅಸ್ಥಿಪಂಜರ. ಈಗ ಅಲ್ಲಿನ ಕೆಫೆಗೆ ಅವಳದ್ದೇ ಹೆಸರು, ಮತ್ತೆ ಜನ ದೂರದಿಂದ ಬಂದು ಅಲ್ಲೇ ಮದುವೆ ಮಾಡಿಕೊಳ್ಳುತ್ತಾರೆ.

ಇಳಕಲ್ಲಿನ ಹುಡುಗ

ಅಕ್ಕ, ಆ ಕಡೆ ಹೋದಾಗ ಒಡೆದ ಕಲ್ಲಿನ ಫೋಟೊ ಹಾಕುತ್ತೀರಾ? ಉಳಿಯ ಗುರುತು ಕಾಣುವ ಹಾಗೆ. ಅಪ್ಪನಿಗೆ ತೋರಿಸಬೇಕು.

ಮೆನೈ ದಡದವಳು

ಈ ಶನಿವಾರ ರಜೆ ಇದೆ, ಮಗಳೂ ಹಠ ಹಿಡಿದಿದ್ದಾಳೆ. ದಡದಲ್ಲಿ ಒಡೆದ ಕಲ್ಲು ಇನ್ನೂ ಬಿದ್ದಿವೆ. ಹತ್ತಿರದಿಂದ ತೆಗೆದು ಹಾಕುತ್ತೇನೆ. ಅಪ್ಪ ಏನಂದರು ಅಂತ ಬರೆಯಿರಿ.